ಪಕ್ಕದ ಮನೆಯ ಡಬ್ಬಿ

ವಿಶಾಖಪಟ್ಟಣ

ಗವರ್ನರ್‌ಪೇಟೆಯ ಸಮಸ್ತ ಮಂಡಿನೋವುಗಳ ಸಂಹಾರಕರೂ ಕಷಾಯ ಚಕ್ರವರ್ತಿಗಳೂ ಆದ ಅಜ್ಜ ಓಂಕಾರಪ್ಪನವರ ದಿವ್ಯ ಸನ್ನಿಧಿಗೆ, ಇಲಿಗಳ ಆಸ್ಥಾನದಿಂದ ಮೊಮ್ಮಗ ಆದರ್ಶನ ದೀರ್ಘದಂಡ ನಮಸ್ಕಾರಗಳು.

ಮಂಡಿನೋವಿಗೆಂದು ತಾವು ಪುಡಿ ಮಾಡಿಟ್ಟು ಕಷಾಯ ಕಾಯಿಸುವ ಆ ಬಳ್ಳಿಯ ಸಾರವನ್ನು ನಮ್ಮ ಲ್ಯಾಬಿನ ಇಲಿಗಳಿಗೆ ಕುಡಿಸಿದ್ದಾಯಿತು. ಸ್ವಲ್ಪ ಕುಡಿದವು ಚೆನ್ನಾಗಿದ್ದವು. ಹೆಚ್ಚು ಕುಡಿದವು ಮೇವು ಬಿಟ್ಟು ಮೂಲೆ ಸೇರಿದವು. ಕೊಯ್ದು ನೋಡಿದರೆ ಲಿವರ್ ಊದಿಕೊಂಡಿತ್ತು. ಇಲಿಗಳಿಗೆ ಹೆಸರಿಡಬಾರದು, ಬಾಲಕ್ಕೆ ಬಣ್ಣದ ಗುರುತಷ್ಟೇ ಎಂದು ಮೇಡಂ ಹೇಳಿದ್ದರು. ನಾನು ತಮಾಷೆಗೆ ಒಂದಕ್ಕೆ ತಮ್ಮ ಹೆಸರಿಟ್ಟಿದ್ದೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಕೊಯ್ದೆ.

ಫೋನಿನಲ್ಲಿ ಹೇಳಿದರೆ, "ಈಗ ಮಂಡಿ ನೋವೇ ಇಲ್ಲ ಕಣೋ, ನಿನ್ನ ಇಲಿಗಳಿಗೇನು ಗೊತ್ತು?" ಎಂದು ನಕ್ಕುಬಿಟ್ಟಿರಿ. ಅದಕ್ಕೇ ಬರೆದು ಅಜ್ಜಿಯ ವಾಟ್ಸಾಪಿಗೆ ಕಳಿಸುತ್ತಿದ್ದೇನೆ. ದಸರಾಕ್ಕೆ ಮೊದಲು ಪಕ್ಕದ ಮನೆಯ ಸುಬ್ಬಲಕ್ಷ್ಮಿಗಾರಿಗೆ ಒಂದು ಡಬ್ಬಿ ಪುಡಿ ಕೊಟ್ಟಿದ್ದಿರಲ್ಲ, ಅದನ್ನು ಇವತ್ತೇ ವಾಪಸ್ ತನ್ನಿ. ಅವರು ಏನನ್ನೂ ಅಳತೆ ನೋಡಿ ಹಾಕಿಕೊಳ್ಳುವವರಲ್ಲ. ಈಚೆಗೆ ಅವರಿಗೆ ಊಟ ಸೇರುತ್ತಿಲ್ಲವೆಂದು ಅಜ್ಜಿ ಹೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ದಯವಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಡಬ್ಬಿಯನ್ನೂ ತೋರಿಸಿ.

ಇಂತಿ ತಮ್ಮ ಪಾದಧೂಳಿ,
ಆದರ್ಶ

ತಾ.ಕ.: ತಮ್ಮ ಡಬ್ಬಿಯ ಚಿಂತೆ ಬೇಡ. ದಸರಾಕ್ಕೆ ಬಂದಾಗಲೇ ಅನುಮಾನ ಬಂದು ಅದರಲ್ಲಿದ್ದ ಪುಡಿ ಚೆಲ್ಲಿ ಹುರಿದ ಮೆಂತ್ಯದ ಪುಡಿ ತುಂಬಿಸಿದ್ದೆ. ತಮ್ಮ ಮಂಡಿ ವಾಸಿಯಾದದ್ದು ಅದನ್ನು ಕುಡಿದು.