ಕಂಡು ಬಂದ ಸುದ್ದಿ

ನವೆಂಬರ್ 30, ಭಾನುವಾರ, ಮಧ್ಯಾಹ್ನ

ಊಟ ಆಯಿತು. ಪಾತ್ರೆ ಆಯಿತು. ಮೂರು ಪೇಪರ್ ಆಯಿತು. ಕತ್ತರಿಗೆ ಮಾತ್ರ ಕೆಲಸ ಬರಲಿಲ್ಲ. ಮೊದಲ ಪುಟ ಅಪಘಾತ, ಮೂರನೆಯದು ಕಳವು, ಐದರಲ್ಲಿ ಎರಡು ಪಾರ್ಟಿಯವರ ಜಗಳ. ಒಳ್ಳೆ ಸುದ್ದಿ ಅಂತ ಇದ್ದದ್ದು ಒಂದೇ — ಕುಕ್ಕರ್ ಮೇಲೆ ರಿಯಾಯಿತಿ. ಅದೂ ಜಾಹೀರಾತು!

ಇವತ್ತು ಚರ್ಚಿನಲ್ಲಿ ಪಾಸ್ಟರ್ ಚೀಟಿ ಎತ್ತಿದರು. ಈ ಸಲದ ‘ವರ್ಷದ ಶುಭವಾರ್ತೆ’ ನಮ್ಮ ಮನೆಯ ಪಾಳಿ! ಇಪ್ಪತ್ತೆರಡು ಮನೆಗಳಲ್ಲಿ ಮೂರೇ ವರ್ಷಕ್ಕೆ ಮತ್ತೆ ನಾವೇ. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು. ಯಾಕೆ ಅಂತ ಗೊತ್ತು. ಆದರೂ ಎದ್ದು ನಿಂತು “ಆಗಲ್ರಿ” ಅಂದೇ ಬಿಟ್ಟೆ. ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ.

ಡಿಸೆಂಬರ್ 1

ಇವರಿಗೆ ಹೇಳಿದೆ. ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರಿನ ತಂತಿ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

ಹಳೆ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಎಲ್ಲರೂ ನವನಗರಕ್ಕೆ ಬಂದ ಹೊಸದರಲ್ಲಿ ಶುರುವಾದ ಪದ್ಧತಿ ಇದು. ಆಗ ಪೇಪರಿನ ತುಂಬ ಮುಳುಗಡೆ ನೋಟಿಸುಗಳೇ. ಆಗಿನ ಪಾಸ್ಟರು, ವರ್ಷಕ್ಕೆ ಒಂದಾದರೂ ಒಳ್ಳೆ ಸುದ್ದಿ ಪೇಪರಿನಿಂದ ಹೆಕ್ಕಿ ತಂದು ಕ್ರಿಸ್‌ಮಸ್ ದಿನ ಓದಿರಿ ಅಂದರಂತೆ. ಮೂರು ವರ್ಷದ ಹಿಂದೆ ಇವರು ಓದಿದರು. ಒಂದು ಹಳ್ಳಿಯ ಕೆರೆ ತುಂಬಿ ಕೋಡಿ ಬಿದ್ದ ಸುದ್ದಿ, ಫೋಟೋ ಸಮೇತ. ಓದಿ ಮುಗಿಸುತ್ತಿದ್ದಂತೆ ಅದೇ ಊರಿನ ಗಾಳೆಪ್ಪಜ್ಜ ಎದ್ದು ನಿಂತ. “ತಮ್ಮಾ ರಾಹುಲ, ಆ ಕೆರ್‍ಯಾಗ ನಿನ್ನಿ ಹುಡುಗೂರು ಕ್ರಿಕೆಟ್ ಆಡ್ಯಾರ.” ಪೇಪರಿನವರು ಯಾವುದೋ ಹಳೆ ಫೋಟೋ ಹಾಕಿದ್ದರು. ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಅದನ್ನು ಇವರು ನೋಡಿದರು.

ಅವತ್ತಿನಿಂದ ಇವರು ಚರ್ಚಿಗಿಲ್ಲ. ಚರ್ಚಿನ ಹಾಡಿಗೆ ಬಾರಿಸುತ್ತಿದ್ದ ಡೋಲಕ್ ಹಳೆ ಚಾದರದೊಳಗೆ ಅಟ್ಟದ ಮೇಲೆ. ಪಾಸ್ಟರು ಹೊಸ ನಿಯಮ ಮಾಡಿದರು: ಕಣ್ಣಾರೆ ನೋಡಿ ಬಂದದ್ದನ್ನೇ ಓದಬೇಕು. ಯೇಸು ಹುಟ್ಟಿದ ರಾತ್ರಿ ಬೆತ್ಲೆಹೇಮಿನ ಕುರುಬರೂ ದೇವದೂತನ ಮಾತು ಕೇಳಿ ಸುಮ್ಮನೆ ಡಂಗುರ ಸಾರಲಿಲ್ಲವಲ್ಲ, ಮೊದಲು ಹೋಗಿ ನೋಡಿದರು. ನಿಯಮ ಛಲೋ. ಆದರೆ ಅದು ತಮ್ಮ ಮರ್ಯಾದೆ ಮೇಲೆ ಬರೆದ ನಿಯಮ ಅಂತ ಇವರ ಸಿಟ್ಟು.

ಕೊನೆಗೆ ತಂತಿ ಬಿಟ್ಟು ಅಂದರು: “ಖರೇ ಸುದ್ದಿ ಒಂದ ತಂದು ತೋರಸು. ನಾ ಬರ್ತೇನಿ. ಡೋಲಕ್ಕೂ ಬಾರಸ್ತೇನಿ.”

ಬರೆದಿಟ್ಟಿದ್ದೇನೆ. ತಾರೀಖು ಸಮೇತ. ತಪ್ಪಿಸಿಕೊಳ್ಳಲಿ ನೋಡೋಣ!

ಡಿಸೆಂಬರ್ 4

ಸಿಕ್ಕಿತು ಅಂದುಕೊಂಡೆ. ಬಾದಾಮಿಯಲ್ಲಿ ಮಕ್ಕಳು ಗುಡ್ಡದ ಕಸ ಎಲ್ಲ ಹೆಕ್ಕಿದರಂತೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕುಣಿಯುವುದೊಂದು ಬಾಕಿ. ಜಯಶ್ರೀ ಟೀಚರ್ ದಿನಾ ಬಾದಾಮಿಯಿಂದಲೇ ಬರುವವರು. ಡಬ್ಬಿ ಮುಚ್ಚುತ್ತ ಅಂದರು: “ಚೀಲಾ ತುಂಬ್ಯಾರ ಖರೆ. ಚೀಲಾ ಅಲ್ಲೇ ಅದಾವ. ಮಂಗ್ಯಾ ಹರದು ಮತ್ತ ಹರವ್ಯಾವ.”

ಕತ್ತರಿಸಿದ್ದನ್ನು ಬುಟ್ಟಿಗೆ ಹಾಕಿದೆ.

ಡಿಸೆಂಬರ್ 9, ಬೆಳಿಗ್ಗೆ 7.10

ಸಿಕ್ಕಿತು!! ಏಳನೇ ಪುಟ, ಮೂಲೆಯಲ್ಲಿ, ಶ್ರದ್ಧಾಂಜಲಿಗಳ ಕೆಳಗೆ, ಆರೇ ಸಾಲು. ‘ಕಳೆದ ಸೀರೆಗಂಟು ಮರಳಿಸಿದ ಕುರಿಗಾಹಿ.’ ಇಳಕಲ್ಲಿನ ನೇಕಾರ್ತಿ ಜೈನಬಿ ಅವರ ಸೀರೆಗಂಟು ಹುನಗುಂದದ ಬಳಿ ರಸ್ತೆಯಲ್ಲಿ ಬಿದ್ದು ಕಳೆದಿತ್ತು. ಕುರಿಗಾಹಿ ಕಾಳಪ್ಪ ಎರಡು ತಿಂಗಳು ಜೋಪಾನ ಮಾಡಿ ತಲುಪಿಸಿದ್ದಾರೆ. ಅಷ್ಟೇ.

ಕುರಿಗಾಹಿ! ಕ್ರಿಸ್‌ಮಸ್ಸಿಗೆ! ದೇವರೇ, ನೀನು ಕೊಟ್ಟರೆ ಹಿಂಗೇ ಕೊಡುವುದು. ಹಾಲು ಉಕ್ಕಿ ಗ್ಯಾಸ್ ಆರಿದ್ದೂ ಗೊತ್ತಾಗಲಿಲ್ಲ.

ಡಿಸೆಂಬರ್ 13, ಶನಿವಾರ

ಅರ್ಧ ದಿನದ ಶಾಲೆ ಮುಗಿಸಿ ಸೀದಾ ಇಳಕಲ್ ಬಸ್ಸು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದೂ ಶುಭ ಶಕುನ ಅಂತ ಲೆಕ್ಕಕ್ಕೆ ಹಿಡಿದೆ.

ಜೈನಬಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ನನ್ನ ವಯಸ್ಸೇ ಇರಬೇಕು. ಕೆಂಪು ಸೆರಗು ನೇಯುತ್ತಿದ್ದಳು — ಆ ಕೆಂಪು! ನಾನು ಒಳಗೆ ಕಾಲಿಡುವ ಮೊದಲೇ ಕೇಳಿದೆ, ಕಳೆದ ಗಂಟು ಸಿಕ್ಕಿದ್ದು ಹೌದಾ?

“ಹೌದ್ರಿ ಅಕ್ಕಾರ, ಸಿಕ್ತು. ನಮ್ಮ ಹುಡುಗ ಮುನಾಫ ಗಾಡಿ ಮ್ಯಾಲಿಂದ ಕೆಡವಿ ಬಂದಿದ್ದ. ಕುರಿ ಮಂದಿ ಮನಿತನಕಾ ತಂದು ಕೊಟ್ರು. ಅಲ್ಲಾ ದೊಡ್ಡಾಂವ್. ಕೂಡ್ರಿ, ಚಾ ಕುಡದು ಹೋಗ್ರಿ, ಎಲ್ಲಾ ಹೇಳ್ತೇನಿ.”

ನಾಲ್ಕೂವರೆ ಬಸ್ಸಿತ್ತು. ಚಹಾ ಕುಡಿಯಲಿಲ್ಲ. ಕೈ ಹಿಡಿದು ಕುಲುಕಿ ಓಡಿ ಬಂದೆ.

ಡಿಸೆಂಬರ್ 14

ಎರಡು ಪುಟ ದುಂಡಗೆ ಬರೆದೆ. ‘ಎಂಥ ಬೆಲೆಬಾಳುವ ಸೀರೆಗಳು! ಆಸೆ ಪಡದ ಕಾಳಪ್ಪ!’ ಇವರ ಮುಂದೆ ಇಟ್ಟೆ. ಓದಿದರು. ಎರಡು ಸಲ.

“ಸೀರಿ ನೋಡಿಯೇನು?”

“ಜೈನಬಿನ ನೋಡೇನ್ರಿ.”

“ಸೀರಿ?”

“... ಇಲ್ಲ.”

“ಕಾಳಪ್ಪನ?”

“ಇಲ್ಲ.”

“ಹಂಗಾರ ಇದು ಅರ್ಧಾ ಸುದ್ದಿ. ಗಾಳೆಪ್ಪಜ್ಜ ಉಳಿದರ್ಧಾ ಹೇಳ್ತಾನ.”

ಸಿಟ್ಟು ನೆತ್ತಿಗೇರಿತು. ನಿಮಗೆ ಬರಲು ಮನಸ್ಸಿಲ್ಲ, ಅದಕ್ಕೇ ಕೊಕ್ಕೆ ಅಂದೆ. ಮೂರು ವರ್ಷದಿಂದ ಒಂದು ಕೆರೆ ಹೊತ್ತು ತಿರುಗುತ್ತಿದ್ದೀರಿ ಅಂದೆ. ಅನ್ನಬಾರದಿತ್ತು. ಎದ್ದು ಅಂಗಡಿಗೆ ಹೋದರು, ಭಾನುವಾರವೂ.

ಡಿಸೆಂಬರ್ 17

ಮೂರು ದಿನದಲ್ಲಿ ಆಡಿದ್ದು ಒಂದೇ ಮಾತು. “ಉಪ್ಪು” ಅಂದರು, ಕೊಟ್ಟೆ. ಅಷ್ಟೇ.

ಒಂದು ವಿಷಯ ನನಗೆ ನಾನೇ ಒಪ್ಪಿಕೊಳ್ಳುತ್ತೇನೆ. ಆ ಚಹಾ ಕುಡಿಯಬೇಕಿತ್ತು.

ಡಿಸೆಂಬರ್ 21, ಭಾನುವಾರ, ಸಂಜೆ

ಎಲ್ಲಿಂದ ಶುರು ಮಾಡಲಿ!

ಆರಾಧನೆ ಮುಗಿಸಿ ಹೊರಗೆ ಬಂದರೆ ಗೇಟಿನ ಆಚೆ ಬೈಕ್ ಮೇಲೆ ಇವರು. ಒಳಗೆ ಬಂದಿರಲಿಲ್ಲ, ಆದರೆ ಮೂರು ವರ್ಷದಲ್ಲಿ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

“ಹತ್ತು.”

“ಎಲ್ಲಿಗ್ರಿ?”

“ಕುರಿ ಹುಡುಕಾಕ.”

ಹುನಗುಂದ ದಾಟಿ ಮರೋಳದ ಹಾದಿ. ಕುರಿಯವರು ಒಂದೆಡೆ ನಿಲ್ಲುವವರಲ್ಲ. ಗೊಬ್ಬರಕ್ಕೆ ಯಾರು ಹೊಲಕ್ಕೆ ಕರೆಯುತ್ತಾರೋ ಅಲ್ಲಿ ನಾಲ್ಕು ದಿನ ಬೀಡು. ಮೊದಲ ಹೊಲದಲ್ಲಿ ಹಿಕ್ಕೆ ಮಾತ್ರ. ಎರಡನೆಯದರಲ್ಲಿ ಒಲೆಯ ಕಲ್ಲು ಮಾತ್ರ. ಮೂರನೆಯ ಹೊಲ ಬರುವ ಮೊದಲೇ ಸದ್ದು ಕೇಳಿಸಿತು — ಮುನ್ನೂರು ಕುರಿ ಒಟ್ಟಿಗೆ! ನಾನು ಬೈಕಿನ ಹಿಂದೆ ಎದ್ದು ನಿಂತೆನಂತೆ. ಬೈಸಿಕೊಂಡೆ.

ಕಾಳಪ್ಪ ಕಂಬಳಿ ಹಾಸಿದ. ಬೀರಪ್ಪ ದೇವರ ಭಂಡಾರದ ಅರಿಶಿನ ಹಣೆಯ ತುಂಬ. ಹೆಂಡತಿ ರಂಗವ್ವ ಒಂದು ಎಳೆ ಮರಿಗೆ ಹಾಲು ಕುಡಿಸುತ್ತಿದ್ದಳು. ನಾನೇ ಬಾಯಿ ಹಾಕಿದೆ. ನೀವು ಕೊಟ್ಟ ಸೀರೆಗಳು...

“ಸೀರಿ?” ಅಂದಳು ರಂಗವ್ವ. “ಯಾವ ಸೀರಿ?”

ಮತ್ತೆ ಅದೇ: ಒಣ ಕೆರೆ, ಕ್ರಿಕೆಟ್, ಇಡೀ ಸಭೆಯ ನಗು. ಇವರು ನೆಲ ನೋಡುತ್ತಿದ್ದರು.

“ಸೀರಿ ಅಲ್ಲವ್ವ, ನೂಲು,” ಅಂದಳು ರಂಗವ್ವ. “ಕೆಂಪು ರೇಷ್ಮಿ ನೂಲು. ಪೇಪರಿನಾವ ಬಂದಾಗ ನಾ ಕುರಿ ಹಿಂದ ಹೋಗಿದ್ದೆ. ಇಂವ ಏನ ಹೇಳಿದನೋ, ಅಂವ ಏನ ಬರಕೊಂಡನೋ.”

ಕಾಳಪ್ಪ ನಾಚಿ ನಕ್ಕ. “ನಾ ಮರಿ ಕಟ್ಟಾಕ ಛಲೋ ಹಗ್ಗ ಆಕ್ಕೈತಿ ಅಂದಿದ್ನಿರಿ. ಈಕಿ ಜಾಡಿಸಿಬಿಟ್ಲು.”

ಅದು ಜೈನಬಿ ಸೆರಗಿಗೆಂದು ಎಳೆಗಳನ್ನು ಸಾಲಾಗಿ ಹಾಸಿ, ಮಗ್ಗಕ್ಕೆ ಏರಿಸಲು ತರಿಸಿದ ನೂಲು. ಸಾವಿರಾರು ಎಳೆ. ಬೇರೆ ಯಾರಿಗೆ ಸಿಕ್ಕಿದ್ದರೂ ಬಿಚ್ಚಿ ಕೊಡವಿ ಸಿಕ್ಕು ಮಾಡುತ್ತಿದ್ದರು. ರಂಗವ್ವನ ತವರಲ್ಲಿ ಕಂಬಳಿ ನೇಯುತ್ತಾರೆ. ಎಳೆಗಳು ಒಂದು ಮೇಲೆ ಒಂದು ಕೆಳಗೆ ಹಾಯ್ದು ಅಡ್ಡ ದಾಟುವ ಜಾಗ ಒಂದಿರುತ್ತದೆ, ಅದು ಕೆಟ್ಟರೆ ಯಾವ ಎಳೆ ಎಲ್ಲಿಯದು ಅಂತ ದೇವರಿಗೂ ಗೊತ್ತಾಗುವುದಿಲ್ಲವಂತೆ. ಗಂಟು ಬಿಚ್ಚಿದ ಕೂಡಲೇ ಅಲ್ಲಿಗೆ ತನ್ನ ಕರಿ ಉಣ್ಣೆಯ ದಾರ ಪೋಣಿಸಿ ಕಟ್ಟಿಬಿಟ್ಟಿದ್ದಾಳೆ.

ಇವರು ಎದ್ದು ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. “ಹೆಂಗ ಕಟ್ಟಿದ್ರಿ? ತೋರಸ್ರಿ.” ಅವಳು ಬೆರಳಿಗೆ ಉಣ್ಣೆ ಸುತ್ತಿ ತೋರಿಸಿದಳು. “ಹೌದ ನೋಡ್ರಿ,” ಅಂದರು, “ನಮ್ಮ ಮೋಟಾರಿನ ಕಾಯಿಲ್ ತುದಿ ಕಲಸಿದ್ರೂ ಹಿಂಗ. ಸೀದಾ ಗುಜರಿಗೇ.” ಇಬ್ಬರೂ ಬಾಲ್ಯದ ಗೆಳೆಯರ ಹಾಗೆ ತಲೆ ಕೂಡಿಸಿದರು. ನನ್ನನ್ನು ಕೇಳುವವರಿಲ್ಲ!

ಅಕ್ಟೋಬರಿನ ಮಳೆಯಲ್ಲಿ ಇದ್ದ ಒಂದೇ ತಾಡಪತ್ರಿ ನೂಲಿಗೆ ಹೊದಿಸಿದ್ದಳಂತೆ. ನೀವು? ಅಂತ ಕೇಳಿದೆ.

“ನಾವು ತೊಯ್ದರ ಒಣಗತೇವಿ. ರೇಷ್ಮಿ ತೊಯ್ದರ ಬಣ್ಣ ಬಿಡತೈತಿ.”

ಸಂತೆ ಸಂತೆಯಲ್ಲಿ ಕೇಳುತ್ತ ಹೋಗಿದ್ದಾಳೆ, ಇದು ಯಾವ ಮಗ್ಗದ್ದು ಅಂತ. ಎರಡು ತಿಂಗಳು.

“ಇನ್ನ ಅರ್ಧಾ ಉಳೀತು,” ಅಂದರು ಇವರು. ಬೈಕ್ ಇಳಕಲ್ಲಿಗೆ ತಿರುಗಿತು. ಈ ಸಲ ಚಹಾ ಕುಡಿದೆ, ಎರಡು ಕಪ್ಪು! ಜೈನಬಿ ಮಗ್ಗದ ಕಂಬ ತೋರಿಸಿದಳು. ಅಲ್ಲಿ ಕರಿ ಉಣ್ಣೆಯ ದಾರ. “ಆಕಿ ಕೈ ಛಲೋ ಐತ್ರಿ. ಒಂದ ಎಳಿ ತಪ್ಪಿಲ್ಲ. ಅದಕ್ಕ ಬಿಚ್ಚಿದ ಮ್ಯಾಲೂ ಇಟಗೊಂಡೇನಿ.” ನಾನು ಅವತ್ತು ಬೆರಗಾಗಿ ನೋಡಿದ ಕೆಂಪು ಸೆರಗು ಅದೇ ನೂಲಿನದು. ಕಣ್ಣ ಮುಂದೆಯೇ ಇತ್ತು. ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ ನನಗೆ.

ಇವರ ಅನುಮಾನವೇ ಕಾಪಾಡಿತು. ದಾರಿಯಲ್ಲಿ ಬೆನ್ನಿಗೆ ತಲೆ ಆನಿಸಿ ಹೇಳಿದೆ, ಆವತ್ತು ನಾನೂ ನಕ್ಕಿದ್ದು ತಪ್ಪು. ಗಾಳಿಯಲ್ಲಿ ಕೇಳಿಸಿತೋ ಇಲ್ಲವೋ. ಗಾಡಿ ಸ್ವಲ್ಪ ನಿಧಾನ ಮಾಡಿದರು.

ಡಿಸೆಂಬರ್ 24

ಕರ್ಜಿಕಾಯಿ ಎಪ್ಪತ್ತು. ಮೂರು ಒಡೆದವು. ನಕ್ಷತ್ರದ ಬಲ್ಬು ಇವರೇ ಸರಿ ಮಾಡಿದರು.

ನನ್ನ ದುಂಡಕ್ಷರದ ಎರಡು ಪುಟ ಹರಿದು ಹಾಕಿದೆ. ನೀವು ಕೇಳಿದ್ದು, ನೀವು ಕಂಡದ್ದು, ನೀವೇ ಓದಬೇಕು ಅಂದೆ. ಒಲ್ಲೆ ಅಂದರು. ಮಧ್ಯಾಹ್ನ ನೋಡಿದರೆ ರಸೀದಿ ಪುಸ್ತಕದ ಹಿಂದೆ ಏನೋ ಬರೆಯುತ್ತ ಕೂತಿದ್ದಾರೆ! ಸದ್ದು ಮಾಡದೆ ವಾಪಸ್ ಬಂದೆ. ನಾನು! ಸದ್ದು ಮಾಡದೆ!

ಸಂಜೆ ಡೋಲಕ್ ಅಟ್ಟದಿಂದ ಇಳಿಯಿತು. ಧೂಳು ಒರೆಸಿದರು. ಬಾರಿಸಲಿಲ್ಲ. “ಮೊದಲ ಗಾಳೆಪ್ಪಜ್ಜ ಸುಮ್ಮನ ಕೂಡಲಿ. ಆಮ್ಯಾಲ ನೋಡೂಣು.”

ಡಿಸೆಂಬರ್ 25, ಬೆಳಿಗ್ಗೆ 9.20, ಚರ್ಚಿನಲ್ಲಿ

ಇಲ್ಲಿ ಕೂತು ಬರೆಯಬಾರದು, ಗೊತ್ತು. ಕೈ ಕೇಳುತ್ತಿಲ್ಲ.

ಇವರು ಓದಿದರು. ಆರೇಳು ಸಾಲು, ಪೇಪರಿನ ಸುದ್ದಿಗಿಂತ ತುಸು ಉದ್ದ. ‘ಪೇಪರಿನಲ್ಲಿ ಸೀರೆ ಅಂತ ಬಂದಿದೆ, ಸೀರೆ ಅಲ್ಲ, ನೂಲು. ಕಾಳಪ್ಪ ಅಂತ ಬಂದಿದೆ, ಕಾಪಾಡಿದ್ದು ಅವನ ಹೆಂಡತಿ. ನಾನು ಹೋಗಿ ನೋಡಿ ಬಂದೆ.’ ಓದುತ್ತ ಎಲ್ಲೂ ನಿಲ್ಲಲಿಲ್ಲ.

ಗಾಳೆಪ್ಪಜ್ಜ ಎದ್ದು ನಿಂತ.

ಇವರು ಹಾಳೆ ಹಿಡಿದು ಅಲ್ಲೇ ನಿಂತರು.

“ತಮ್ಮಾ ರಾಹುಲ,” ಅಂದ ಅಜ್ಜ, “ಆ ಹೆಣ್ಣಮಗಳ ಹೆಸರ ಓದಲಿಲ್ಲ ನೀ. ಪ್ರಾರ್ಥನಿಯೊಳಗ ತಗೋಬೇಕು.”

“ರಂಗವ್ವ, ಅಜ್ಜಾರ.”

“ರಂಗವ್ವ,” ಅಂದ ಅಜ್ಜ. ಇಡೀ ಸಭೆ ಮೆಲ್ಲಗೆ ಅದನ್ನೇ ಅಂದಿತು. ಅಜ್ಜ ಕೂತ. ಸುಮ್ಮನೆ ಕೂತ!

ಇವರು ಬಂದು ನನ್ನ ಪಕ್ಕ ಕೂತಿದ್ದಾರೆ. ಪಾಸ್ಟರು ಹಾಡಿನ ನಂಬರ್ ಹೇಳಿದರು. ಎಲ್ಲರೂ ಏಳುತ್ತಿದ್ದಾರೆ. ಇವರು ಏಳಲಿಲ್ಲ. ಬಗ್ಗಿ ಬೆಂಚಿನ ಕೆಳಗೆ ಡೋಲಕ್ ಕಟ್ಟಿ ತಂದ ಚಾದರದ ಗಂಟಿಗೆ ಕೈ ಹಾಕಿ, ಬಿಗಿಯಾಗಿದೆ, ನೀ ಸ್ವಲ್ಪ ಹಿಡಿ ಅಂತ ನನ್ನ ಕೈಯಿಂದ ಪೆನ್ನು —