ಪಿಕಪ್ಪಿಗೆ ಎರಡು ಹೊಸ ಲೈಟು

ಜನವರಿ 20, ಮಂಗಳವಾರ

ಬೆಳಿಗ್ಗೆ ಮೊಳೆಯಲ್ಲಿ ಪಿಕಪ್ಪಿನ ಕೀ ಇರಲಿಲ್ಲ. ಮಾವ ಇನ್ನು ನನಗೆ ಗಾಡಿ ಕೊಡುವುದೇ ಇಲ್ಲ ಎಂದುಕೊಂಡು ಇಡೀ ದಿನ ಸಂಕಟಪಟ್ಟೆ. ಕೊಡದಿದ್ದರೂ ತಪ್ಪಲ್ಲ. ಮೊನ್ನೆ ಸಂಜೆ ಕಾಫಿ ಪಿಕಿಂಗ್‌ನ ಆಳುಗಳನ್ನು ಅವರ ಲೈನ್ ಮನೆಗಳಿಗೆ ಬಿಟ್ಟು ಬಂದು, ಮಬ್ಬಿನಲ್ಲಿ ರಿವರ್ಸ್ ತೆಗೆಯುವಾಗ, ಕಣದಲ್ಲಿ ಒಣಗುತ್ತಿದ್ದ ಕಾಫಿಯ ಮೇಲೇ ಚಕ್ರ ಹತ್ತಿಸಿದವಳು ನಾನು! ನಿರಂಜನ್‌ನನ್ನು ಮದುವೆಯಾಗಿ ಈ ಮನೆಗೆ ಬಂದು ಐದೇ ವಾರ. ಮಾವ ಬೈಯಲಿಲ್ಲ, ಕೂತು ಒಡೆದ ಕಾಯಿ ಆರಿಸಿದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಮಾವ, ನಿರಂಜನ್ ಇಬ್ಬರೂ ಗಾಡಿಯಲ್ಲಿ ಸೋಮವಾರಪೇಟೆಯಿಂದ ಬಂದರು. ಹಿಂದೆ ಬಂಪರಿನ ಎರಡೂ ಕಡೆ ಹೊಸ ಲೈಟುಗಳು! ರಿವರ್ಸ್ ಗೇರ್ ಹಾಕಿದರೆ ತಾವಾಗಿಯೇ ಹತ್ತಿಕೊಳ್ಳುತ್ತವೆ. ನಿರಂಜನ್‌ನ ಐಡಿಯಾ ಎಂದುಕೊಂಡೆ. ಅಲ್ಲವಂತೆ, ಮಾವನದಂತೆ!

ಕತ್ತಲಾಗುತ್ತಲೇ ಮಾವ ಕೀ ಕೊಟ್ಟರು. “ಹತ್ತವ್ವ, ರಿವರ್ಸ್ ಹಾಕು. ನಾನು ಕಣದ ಅಂಚಲ್ಲಿ ನಿಂತಿರ್ತೀನಿ.”

ನಿಜವಾಗಿಯೂ ಹೋಗಿ ಗಾಡಿಯ ಹಿಂದೆ ನಿಂತೇಬಿಟ್ಟರು.

“ಮಗನ ಮದುವೆ ಚಪ್ಪರಕ್ಕೂ ಇಷ್ಟು ಲೈಟ್ ಹಾಕ್ಸಿರ್ಲಿಲ್ಲ ಕಣ್ರೀ ನೀವು!” ಜಗಲಿಯಿಂದ ಅತ್ತೆ.

ಕನ್ನಡಿಯಲ್ಲಿ ಕಾಫಿಯ ಒಂದೊಂದು ಕಾಯಿಯೂ ಕಾಣುತ್ತಿತ್ತು, ಮಾವನ ಹವಾಯಿ ಚಪ್ಪಲಿಯ ನೀಲಿ ಪಟ್ಟಿಯೂ. ಕಣಕ್ಕೆ ಎರಡು ಮಾರು ಇರುವಾಗಲೇ ನಿಲ್ಲಿಸಿದೆ. ಮಾವ ಇದ್ದಲ್ಲಿಂದ ಅಲುಗಿರಲಿಲ್ಲ.

“ಸಾಕು. ನಾಳೆಯಿಂದ ಜನ ಬಿಡೋದು ನೀನೇ.”

ಕೀ ಮೊಳೆಗೆ ಹಾಕಲು ಮನಸ್ಸೇ ಬರಲಿಲ್ಲ, ದಿಂಬಿನ ಪಕ್ಕದಲ್ಲಿದೆ. ನಿರಂಜನ್ ನೋಡಿ ನಗುತ್ತಿದ್ದಾನೆ. ಥ್ಯಾಂಕ್ಸ್ ಎಂದರೆ ಮಾವನಿಗೆ ಮುಜುಗರ. ಬೆಳಿಗ್ಗೆ ಕಾಫಿ ಕೊಡುವಾಗ ಹೇಗಾದರೂ ಹೇಳಬೇಕು, ಇಲ್ಲದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂತು ಅವರ ಜೊತೆ ಕಾಯಿ ಆರಿಸಬೇಕು.