ಎಡಮೂಲೆಯ ತೂತು

ಗುಲ್ಬರ್ಗಾ, 10-2-1987

ನನ್ನ ಪ್ರೀತಿಯ ಜಂಬಣ್ಣನವರಿಗೆ,

ನನ್ನ ಎಂ.ಫಿಲ್ ಪ್ರಬಂಧಕ್ಕೆ ಗೈಡ್ ಮೇಡಂ ಒಪ್ಪಿಬಿಟ್ಟರು, ಮಾರ್ಚ್ ಕೊನೆಗೆ ಕೊಡು ಅಂದರು ರೀ. ಖುಷಿಗೆ ಹಾಸ್ಟೆಲ್ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದೆ. ಬಂದರೆ ನಿಮ್ಮ ಪತ್ರ.

“ನಿನ್ನ ಕಾರ್ಡೆಲ್ಲಾ ಪಂಚ್ ಮಾಡಿ ಟ್ಯಾಗ್ ಹಾಕೀನಿ. ನಮ್ಮ ತಾಲೂಕು ಆಫೀಸಿನ ಫೈಲ್ ಇದ್ದಂಗ ಅದ ನೋಡು.” ಯಾರು ಕೇಳಿದ್ದರು ನಿಮ್ಮನ್ನು?

ಗೆಳತಿಯರೆಲ್ಲ ಇಲ್ಲಿಯ ಹೊಸ ಕಂಪ್ಯೂಟರಿಗೆ ಸರದಿ ಕಾಯುವಾಗ ನಾನು ಕಾರ್ಡುಗಳನ್ನೇ ಆರಿಸಿಕೊಂಡೆ, ಬೇಕಾದಂತೆ ಹಿಂದೆ ಮುಂದೆ ಇಡಬಹುದು ಎಂದು. ಕುರ್ಡಿ ಊರಿನ ಹೆಣ್ಣುಮಕ್ಕಳು ಹಾಡಿದ ಇನ್ನೂರು ಬೀಸುವ ಪದಗಳು ಕಾರ್ಡಿಗೊಂದರಂತೆ ಅವುಗಳಲ್ಲಿವೆ, ನಿಮ್ಮನ್ನು ನಂಬಿ ಮನೆಯಲ್ಲಿ ಬಿಟ್ಟು ಬಂದಿದ್ದೆ. ಯಾರ ಪದ ಯಾವುದು ಎಂಬ ನಂಬರು ಎಡಮೂಲೆಯಲ್ಲಿತ್ತು. ನೀವು ತೂತು ಹೊಡೆದದ್ದೂ ಅಲ್ಲೇ. ಅಯ್ಯಮ್ಮನ ಪದ ಯಾವುದು, ಗೋಪಮ್ಮನದು ಯಾವುದು ಎಂದು ಈಗ ಯಾರನ್ನು ಕೇಳಲಿ? ಅಯ್ಯಮ್ಮ ದೀಪಾವಳಿಗೇ ತೀರಿಕೊಂಡರು. ಅವರ ಹೆಸರು ನನ್ನ ಪ್ರಬಂಧದಲ್ಲಾದರೂ ಇರಬೇಕಿತ್ತು. ಸಿಟ್ಟಿಗೆ ಊಟ ಸೇರಲಿಲ್ಲ.

ಪಂಚಿಂಗ್ ಮಷೀನಿನ ಹೊಟ್ಟೆಯಲ್ಲಿರುವ ಗುಂಡು ಚೂರುಗಳನ್ನು ಚೆಲ್ಲಬೇಡಿ. ನೆಲಕ್ಕೆ ಬಿದ್ದಿದ್ದರೆ ಅತ್ತೆಯವರಿಗೆ ಗುಡಿಸಬೇಡಿ ಎನ್ನಿ. ಅಂಕಿಗಳ ಬಾಲ ಕಾರ್ಡುಗಳಲ್ಲಿ ಉಳಿದಿರಬೇಕು, ಹೊಂದಿಸಿದರೆ ಗೊತ್ತಾಗುತ್ತದೆ. ಗೋಂದು ತಂದಿಡಿ. ಇನ್ನೂರೂ ಚೂರು ಅಂಟಿಸುವವರು ನೀವು, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಕೊನೆಯ ಚೂರು ಅಂಟುವವರೆಗೆ ನನ್ನನ್ನು ಮುಟ್ಟುವಂತಿಲ್ಲ.

ಸ್ಟೇಷನ್ನಿಗೆ ಬಂದು ಹೊತ್ತು ಕಳೆಯಬೇಡಿ, ಮಾನ್ವಿ ಬಸ್ಸು ನನಗೆ ಗೊತ್ತು. ಭಾನುವಾರ ಮದ್ರಾಸ್ ಮೇಲ್ ರೈಲಿಗೆ ಬಂದು ರಾಯಚೂರಲ್ಲಿ ಇಳಿಯುತ್ತೇನೆ.

ಇನ್ನೂ ನಿಮ್ಮವಳೇ,
ಪ್ರಮೀಳಾ